ಚಿತ್ರ ನೋಡೋರಿಲ್ಲ, ಚಿತ್ರದ ಕತೆ ಕೇಳೋರೇ ಎಲ್ಲ. ಏನ್ ಮಾಡ್ಲಿ?

ಬಣ್ಣದ ಡಬ್ಬಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ಮಾಡ್ತೀನಿ, ಮಧ್ಯಾಹ್ನದ ಮೇಲೆ ನನ್ನ ಜಲವರ್ಣ. ಆರು ವರ್ಷದಿಂದ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕುತ್ತಿದ್ದೇನೆ. ಅಮಾನಿಕೆರೆ, ದೇವರಾಯನದುರ್ಗದ ಬಂಡೆ, ಸಿದ್ಧಗಂಗೆ ಜಾತ್ರೆಯ ಎತ್ತು, ಎಲ್ಲ ಬರೆದಾಯ್ತು. ಲೈಕು ಇಪ್ಪತ್ತು ದಾಟುತ್ತಿರಲಿಲ್ಲ. ಅದರಲ್ಲೂ ಹನ್ನೆರಡು ನೆಂಟರದ್ದು.

ಈ ಜನವರಿಯಲ್ಲಿ 'ಅಟ್ಟ' ಅಂತ ಒಂದು ಚಿತ್ರ ಹಾಕಿದೆ. ಅವತ್ತು ಯಾಕೋ ಕೆಳಗೆ ನಾಲ್ಕು ಪ್ಯಾರಾ ಬರೆಯೋಣ ಅನ್ನಿಸಿತು. ತಿಪಟೂರು ಕಡೆಯ ನಮ್ಮಜ್ಜಿ ಮನೆ. ಕೊಟ್ಟಿಗೆ ಮೇಲೆ ಅಡಿಕೆ ದಬ್ಬೆಯ ಅಟ್ಟ, ಅದರ ತುಂಬ ತೆಂಗಿನಕಾಯಿ. ಅಜ್ಜಿ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರು ಕುಲುಕಿದರೆ ವಾಪಸ್ಸು ಅಟ್ಟಕ್ಕೆ. ಲೊಟಲೊಟ ಅಂತ ಒಣ ಸದ್ದು ಬಂದರೆ ಕೊಬ್ಬರಿ ಆಗಿದೆ ಅಂತ ಕೆಳಗೆ. ನಾನು ಕೆಳಗೆ ಗೋಣಿಚೀಲ ಹಿಡಿದು ನಿಂತಿರುತ್ತಿದ್ದೆ. ಅಜ್ಜಿ ಕೊನೇ ಸಲ ಆರಿಸಿಟ್ಟ ಒಂದು ಕಾಯಿ ಹದಿನಾಲ್ಕು ವರ್ಷದಿಂದ ನನ್ನ ಮೇಜಿನ ಮೇಲಿದೆ, ಬ್ರಷ್ ಹಿಡಿಯೋ ಮುಂಚೆ ಅದನ್ನು ಅಲ್ಲಾಡಿಸಿ ಕೇಳ್ತೀನಿ ಅಂತ ಬರೆದು ಮುಗಿಸಿದ್ದೆ.

ಎರಡೇ ದಿನಕ್ಕೆ ಸಾವಿರದ ನೂರು ಲೈಕು. ಒಂಬತ್ತು ಪ್ರಿಂಟ್ ಹೋಯಿತು. ಆರು ವರ್ಷದಲ್ಲಿ ಒಟ್ಟು ಮಾರಿದ್ದೇ ಏಳು!

ಆಮೇಲೆ ಶುರುವಾಯ್ತು ನೋಡಿ ತಲೆನೋವು. ಮಧುಗಿರಿ ಬೆಟ್ಟದ ಚಿತ್ರ ಹಾಕಿದರೆ "ಕತೆ ಎಲ್ಲಿ ಮೇಡಂ?" ಅಂತ ಕಾಮೆಂಟು. ಆ ಬೆಟ್ಟ ಬರೆಯೋಕೆ ಹನ್ನೊಂದು ದಿನ ಹಿಡಿದಿತ್ತು, ಅದನ್ನು ಯಾರೂ ಕೇಳಲಿಲ್ಲ. ಸರಿ ಅಂತ ನಮ್ಮ ದೊಡ್ಡಮ್ಮನ ಕೈ ಬರೆದು ಅವರ ಕತೆ ಹಾಕಿದೆ. ಗಂಡ ಬಿಟ್ಟುಹೋದ ಮೇಲೆ ಮಂಡಿಯಲ್ಲಿ ಕೊಬ್ಬರಿ ಆರಿಸಿ ಮಗನನ್ನು ಓದಿಸಿದವರು. ಮಾರನೇ ದಿನ ಆ ಮಗನೇ, ಅಂದರೆ ನಮ್ಮಣ್ಣ, ಫೋನ್ ಮಾಡಿದ. "ನಮ್ಮಮ್ಮನ ಕಷ್ಟ ಮಾರ್ಕೊಂಡು ನೀನು ಹೆಸರು ಮಾಡ್ಕೋತೀಯಾ?" ಅಂದ. ಪೋಸ್ಟ್ ತೆಗೆದೆ. ಅವನು ಇನ್ನೂ ಮಾತಾಡಿಸ್ತಿಲ್ಲ.

ಈಗ ಹೇಳಿ, ಕತೆ ಬರೀಬೇಕಾ ಬೇಡ್ವಾ? ಬರೆದರೆ ಎಷ್ಟು?

ಶಿರಾ ಗೇಟ್ ಟ್ರಾಫಿಕ್

ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಒಂಬತ್ತು ಪ್ರಿಂಟ್ ಹೋಯ್ತಲ್ಲ. ಬರೀರಿ.

ಒಣ ಮಾತು

ನನಗೆ ಇದು ಹಿಡಿಸೋದಿಲ್ಲ. ಚಿತ್ರ ಚೆನ್ನಾಗಿದ್ದರೆ ಅದೇ ಮಾತಾಡುತ್ತೆ. ಕೆಳಗೆ ನಾಲ್ಕು ಪ್ಯಾರಾ ಅಜ್ಜಿ ಕತೆ ಬೇಕು ಅಂದರೆ ಚಿತ್ರದಲ್ಲಿ ಏನೋ ಕಮ್ಮಿ ಇದೆ ಅಂತಲೇ ಅರ್ಥ. ಈಗ ಎಲ್ಲರಿಗೂ ಒಬ್ಬ ಅಜ್ಜಿ, ಒಂದು ಟ್ರಂಕು, ಒಂದು ಹಳೇ ಸೀರೆ. ಚಿತ್ರ ಯಾವುದಾದರೇನು, ಕತೆ ಒಂದೇ.

ಪುಸ್ತಕದ ಹುಳ

ಹಾಗಾದರೆ ವ್ಯಾನ್ ಗೋ ಬಗ್ಗೆ ಏನು ಹೇಳ್ತೀರಿ ಸರ್? ಅವನು ಸತ್ತದ್ದು 1890ರ ಜುಲೈನಲ್ಲಿ. ಆರು ತಿಂಗಳಿಗೆ ತಮ್ಮ ಥಿಯೋನೂ ಹೋದ. ಥಿಯೋ ಹೆಂಡತಿ ಜೋ ಕೈಯಲ್ಲಿ ಉಳಿದದ್ದು ಒಂದು ಕೂಸು, ಯಾರೂ ಕೊಳ್ಳದ ನೂರಾರು ಚಿತ್ರ, ಒಂದು ರಾಶಿ ಪತ್ರ. ಆಕೆ ಪ್ರದರ್ಶನ ಮಾಡಿಸಿದಳು, ವರ್ಷಗಟ್ಟಲೆ ಕೂತು ಪತ್ರಗಳನ್ನು ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದಳು. ಜನ ಪತ್ರ ಓದಿ ಚಿತ್ರ ನೋಡೋಕೆ ಬಂದರು, ಚಿತ್ರ ನೋಡಿ ಪತ್ರ ಓದಿದರು. ಚಿತ್ರ ತಾನೇ ಮಾತಾಡುವುದಾಗಿದ್ದರೆ ಅವನು ಬದುಕಿದ್ದಾಗಲೇ ಮಾತಾಡಬೇಕಿತ್ತು.

ಒಣ ಮಾತು

ಒಪ್ಪಿದೆ. ಆದರೆ ಅವನು ಬರೆದದ್ದು ತಮ್ಮನಿಗೆ. ಬಣ್ಣ ಮುಗೀತು, ದುಡ್ಡು ಕಳಿಸು, ಇವತ್ತು ಆಕಾಶಕ್ಕೆ ಇಂಥ ನೀಲಿ ಹಾಕಿದೆ, ಹೀಗೆ. ಫಾಲೋವರ್ಸ್ ಬರಲಿ ಅಂತ ಬರೆದದ್ದಲ್ಲ. ವ್ಯತ್ಯಾಸ ಅಲ್ಲೇ ಇದೆ.

ಗೂಳೂರು ಕೆರೆ ಏರಿ

ಅಷ್ಟು ದೂರ ಯಾಕೆ ಹೋಗ್ತೀರಿ? ನಮ್ಮ ಪಕ್ಕದ ಕೈದಾಳವನ್ನೇ ನೋಡಿ. ಚೆನ್ನಕೇಶವನನ್ನು ನೋಡೋಕೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ಜಕಣಾಚಾರಿ ಕತೆ ಕೇಳಿಯೇ ಬರೋದು. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಅನ್ನುತ್ತಾನೆ. ಮೈತುಂಬ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗೋದಿಲ್ಲ. ಉಳಿ ಇಟ್ಟರೆ ಒಳಗಿಂದ ಕಪ್ಪೆ ಬರುತ್ತೆ. ಮಾತು ಕೊಟ್ಟ ಹಾಗೆ ಜಕಣಾಚಾರಿ ಕೈ ಕತ್ತರಿಸಿಕೊಳ್ಳುತ್ತಾನೆ. ಆ ಹುಡುಗ ಅವನ ಮಗನೇ. ಆಮೇಲೆ ಕ್ರೀಡಾಪುರಕ್ಕೆ ಬಂದು ದೇವಸ್ಥಾನ ಕಟ್ಟಿದ ಮೇಲೆ ಕೈ ವಾಪಸ್ಸು ಬಂತು, ಕೈದಾಳ ಅಂತ ಹೆಸರಾಯ್ತು. ಚಿಕ್ಕ ವಯಸ್ಸಲ್ಲಿ ನಾವು ದೇವರ ಮುಖ ಬಿಟ್ಟು ಹೊಕ್ಕುಳ ನೋಡ್ತಿದ್ವಿ, ಇಲ್ಲೂ ಕಪ್ಪೆ ಇದೆಯಾ ಅಂತ. ಕತೆ ಇಲ್ಲದಿದ್ದರೆ ಆ ಗುಡಿಗೆ ಬಸ್ಸು ಇಳಿದು ಯಾರು ಬರುತ್ತಿದ್ದರು?

ಶಾಸನದ ಹುಚ್ಚ

ಕತೆ ಸೊಗಸಾಗಿದೆ. ಆದರೆ ನಿಜ ಅಂತ ಹೇಳಬೇಡಿ. ಬೇಲೂರು ಗುಡಿ ವಿಷ್ಣುವರ್ಧನನದು, 1117. ಕೈದಾಳದ್ದು ಅವನ ಮಗ ನರಸಿಂಹನ ಕಾಲದ್ದು, 1150ರ ಹೊತ್ತಿಗೆ ಗೂಳೆ ಬಾಚಿ ಅನ್ನೋ ಸಾಮಂತ ಕಟ್ಟಿಸಿದ್ದು. ಬೇಲೂರಿನ ಯಾವ ಶಾಸನದಲ್ಲೂ ಜಕಣಾಚಾರಿಯ ಹೆಸರಿಲ್ಲ.

ಬೇಜಾರಿನ ವಿಷಯ ಏನು ಗೊತ್ತಾ? ನಿಜವಾಗಿ ಕೆತ್ತಿದವರು ಹೆಸರು ಬಿಟ್ಟು ಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನೂರೈವತ್ತು ವರ್ಷದ ಮೇಲೆ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಎಷ್ಟೋ ಮೂರ್ತಿಗಳ ಕೆಳಗೆ. ಇವರ ಹೆಸರು ಬಸ್ಸಿಳಿದು ಬರುವ ಎಷ್ಟು ಜನಕ್ಕೆ ಗೊತ್ತು?

ಗೂಳೂರು ಕೆರೆ ಏರಿ

ಗೊತ್ತಿಲ್ಲ, ಯಾಕೆಂದರೆ ಮಲ್ಲಿತಮ್ಮನ ಹೊಟ್ಟೆಯಿಂದ ಕಪ್ಪೆ ಬರಲಿಲ್ಲ 😄

ಎಸ್.ಎಸ್.ಪುರಂ ಎರಡನೇ ಕ್ರಾಸ್

ದಾಸೋಜ ಬರೀ ಹೆಸರು ಹಾಕಿ ಸುಮ್ಮನಾಗಿಲ್ಲ ಸರ್. ಊರು, ತಂದೆ ಹೆಸರು, ಎದುರಾಳಿ ಶಿಲ್ಪಿಗಳನ್ನು ಬಗ್ಗುಬಡಿಯುವವನು ಅನ್ನೋ ಥರದ ಬಿರುದು ಎಲ್ಲ ಕೆತ್ತಿಕೊಳ್ಳುತ್ತಿದ್ದರು ಆ ಕಾಲದವರು. ಒಂಬೈನೂರು ವರ್ಷದ ಹಿಂದಿನ ಇನ್‌ಸ್ಟಾ ಬಯೋ ಅದು. ಆದ್ದರಿಂದ ಹೇಳಿಕೊಳ್ಳೋದು ಹೊಸ ರೋಗ ಅಂತ ಯಾರೂ ಅನ್ನಬೇಡಿ.

ಮಾಲೂರು ಉಳಿ

ನಾನು ಶಿವಾರಪಟ್ಟಣದವನು. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ನಮ್ಮೂರಲ್ಲಿ ಯಾವ ಬೀದಿಗೆ ಹೋದರೂ ಟಕ್ ಟಕ್ ಉಳಿ ಸದ್ದು. ನಮ್ಮಲ್ಲಿ ಗಿರಾಕಿ ಬಂದು ಕೇಳೋ ಮೊದಲ ಪ್ರಶ್ನೆ ಬೆಲೆ ಅಲ್ಲ. ಕಲ್ಲು ಎಲ್ಲಿಯದು ಅಂತ. ನಮ್ಮ ಮಾವ ಅವರ ಎದುರೇ ಸುತ್ತಿಗೆಯಿಂದ ಮೆಲ್ಲಗೆ ಬಡಿದು ತೋರಿಸ್ತಾರೆ. ಗಂಟೆ ಥರ ನಾದ ಬಂದರೆ ಸರಿ, ದಬ್ ಅಂದರೆ ಒಳಗೆ ಬಿರುಕಿದೆ ಅಂತ ಪಕ್ಕಕ್ಕೆ. ಅಜ್ಜಿ ಕಾಯಿ ಅಲ್ಲಾಡಿಸಿದ ಹಾಗೇನೇ. ಕಲ್ಲಿನ ಸದ್ದು ಕೇಳಿಸಿಕೊಂಡ ಗಿರಾಕಿ ಚೌಕಾಸಿ ಕಮ್ಮಿ ಮಾಡ್ತಾನೆ, ನಾನು ಕಣ್ಣಾರೆ ನೋಡಿದ್ದೀನಿ. ಅಕ್ಕಾ, ನೀವು ಹನ್ನೊಂದು ದಿನ ಮಧುಗಿರಿ ಬೆಟ್ಟ ಬರೆದದ್ದೇ ಕತೆ ಅಲ್ವಾ? ಅದನ್ನೇ ಬರೀಬಹುದಿತ್ತು.

ಇನ್ನೊಂದು ಮಾತು. ಎಲ್ಲವನ್ನೂ ತೋರಿಸೋಕೂ ಆಗಲ್ಲ. ಮೂರ್ತಿಗೆ ಕಣ್ಣು ತೆರೆಯೋದು ಕೊನೇ ಕೆಲಸ. ನಾನು ಅದನ್ನು ವಿಡಿಯೋ ಮಾಡಿ ಹಾಕಿಬಿಟ್ಟೆ. ಜನ ಮುಗಿಬಿದ್ದು ನೋಡಿದರು. ವಿಗ್ರಹ ಮಾಡಿಸಿದ ಊರಿನವರು ಬಂದು ಜಗಳ ಆಡಿದರು. ಪ್ರತಿಷ್ಠೆಗೆ ಮುಂಚೆ ನಮ್ಮ ದೇವರ ಕಣ್ಣನ್ನು ಊರಿಗೆಲ್ಲ ತೋರಿಸಿದೆಯಲ್ಲೋ ಅಂತ. ಮಾವ ಎರಡು ದಿನ ನನ್ನ ಕೈಗೆ ಉಳಿ ಕೊಡಲಿಲ್ಲ.

ಮಾರ್ಕೆಟಿಂಗ್ ಮಾಮ

ಪ್ರಾಕ್ಟಿಕಲ್ ಆಗಿ ಹೇಳ್ತೀನಿ. ಮೊದಲನೇ ಸಾಲಿನಲ್ಲೇ ಹಿಡಿದಿಡಬೇಕು, ಆಮೇಲೆ 'ಇನ್ನಷ್ಟು' ಒತ್ತಬೇಕಾಗುತ್ತೆ, ಯಾರೂ ಒತ್ತಲ್ಲ. ಅರ್ಧ ಆದ ಚಿತ್ರದ ಫೋಟೋ ಹಾಕಿ, ಮುಗಿದದ್ದಕ್ಕಿಂತ ಅದಕ್ಕೇ ಜನ ಜಾಸ್ತಿ. ಕೊನೇಲಿ ಬೆಲೆ ಬರೀರಿ ತಾಯಿ! ನಮ್ಮ ಕಡೆ ಕಲಾವಿದರಿಗೆ ಬೆಲೆ ಬರೆಯೋಕೆ ಅದೇನು ನಾಚಿಕೆಯೋ. "ಇನ್‌ಬಾಕ್ಸ್‌ಗೆ ಬನ್ನಿ" ಅಂದರೆ ಅರ್ಧ ಜನ ಅಲ್ಲೇ ಹೊರಟುಹೋಗ್ತಾರೆ.

ತಿಪಟೂರು ಕಾಯಿ

ಚಿತ್ರದ ವಿಷಯ ನನಗೆ ತಿಳಿಯೋದಿಲ್ಲ. ಕಾಯಿ ವಿಷಯ ತಿಳಿಯುತ್ತೆ, ಮೂರು ತಲೆಮಾರಿನ ತೋಟ. ಅಟ್ಟದ ಬಗ್ಗೆ ಸರಿಯಾಗಿ ಬರೆದಿದ್ದೀರಿ. ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತೆ, ಆಗ ಆ ಸದ್ದು. ಆದರೆ ಒಂದು ಅನುಮಾನ. ಹದಿನಾಲ್ಕು ವರ್ಷ ಮೇಜಿನ ಮೇಲೆ? ಎರಡು ಮಳೆಗಾಲ ಕಂಡ ಕೊಬ್ಬರಿಯೇ ಕಮಟು ಹೊಡೆಯುತ್ತೆ. ಹುಳ ಬೀಳುತ್ತೆ. ಇರುವೆ ಬಿಡೋದಿಲ್ಲ. ನೀವು ದಿನಾ ಅಲ್ಲಾಡಿಸ್ತಾ ಇದ್ದದ್ದು ಕೊಬ್ಬರಿನಾ, ಪುಡಿನಾ? ತಪ್ಪು ತಿಳೀಬೇಡಿ, ಸುಮ್ನೆ ಕೇಳಿದೆ.

ಶಿರಾ ಗೇಟ್ ಟ್ರಾಫಿಕ್

ಅಯ್ಯೋ ಸಿಐಡಿ ಬಂದರು.

ಎಸ್.ಎಸ್.ಪುರಂ ಎರಡನೇ ಕ್ರಾಸ್

ತಿಪಟೂರಿನವರೇ, ಈ ವರ್ಷ ಕೊಬ್ಬರಿ ರೇಟು ಹೇಗೆ? ನಮ್ಮ ಮಾವನವರು ಅಟ್ಟ ಇಳಿಸಲೋ ಬೇಡವೋ ಅಂತ ಕೂತಿದ್ದಾರೆ.

ತಿಪಟೂರು ಕಾಯಿ

ರೇಟು ಕೇಳಬೇಡಿ. ಇಳಿಸಿದ ಮಾರನೇ ದಿನ ಏರುತ್ತೆ, ಇಟ್ಟುಕೊಂಡರೆ ಇಳಿಯುತ್ತೆ.

ಕ್ಯಾತ್ಸಂದ್ರ

ವಿಷಯಾಂತರಕ್ಕೆ ಕ್ಷಮೆ ಇರಲಿ. ಮೇಡಂ, ತಟ್ಟೆ ಇಡ್ಲಿ ಚಿತ್ರ ಬರೀರಿ. ಕತೆ ಬೇಕಾಗಿಲ್ಲ, ಬೆಣ್ಣೆ ಇದ್ದರೆ ಸಾಕು.

ಬಣ್ಣದ ಡಬ್ಬಿ

ತಿಪಟೂರಿನ ಸರ್ ಕೇಳಿದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಒಪ್ಪಿಕೊಂಡುಬಿಡ್ತೀನಿ. ಆ ಕಾಯಿ ಇಲ್ಲ. ಅಜ್ಜಿ ಇದ್ದದ್ದು ನಿಜ, ಅಟ್ಟ ನಿಜ, ಸದ್ದು ನಿಜ, ಗೋಣಿಚೀಲ ನಿಜ. ಮೇಜಿನ ಮೇಲಿನ ಕಾಯಿ ಮಾತ್ರ ಬರೀತಾ ಬರೀತಾ ಬಂತು. ಕೊನೇಲಿ ಏನೋ ಒಂದು ಬೇಕು ಅನ್ನಿಸಿತು, ಬೆರಳು ತಾನಾಗಿ ಟೈಪ್ ಮಾಡಿತು. ಅಜ್ಜಿ ತೀರಿಕೊಂಡ ವರ್ಷ ಅಟ್ಟದಲ್ಲಿದ್ದ ಕಾಯಿಯನ್ನೆಲ್ಲ ಚಿಕ್ಕಪ್ಪ ಇಳಿಸಿ ಮಂಡಿಗೆ ಹಾಕಿದರು. ಉಳಿದ ನಾಲ್ಕೈದರಲ್ಲಿ ವೈಕುಂಠ ಸಮಾರಾಧನೆ ದಿನ ಕೊಬ್ಬರಿ ಮಿಠಾಯಿ ಮಾಡಿದರು. ನಾನೇ ತುರಿದುಕೊಟ್ಟೆ. ಮೂರು ತಿಂದೆ ಕೂಡ.

ಜನ ಎಲ್ಲ ಆ ಕಾಯಿ ಬಗ್ಗೆಯೇ ಕಾಮೆಂಟ್ ಹಾಕಿದರು. ಆಮೇಲೆ ಇಲ್ಲ ಅನ್ನೋಕೆ ಧೈರ್ಯ ಬರಲಿಲ್ಲ.

ಒಣ ಮಾತು

ಇದಕ್ಕೇ ನಾನು ಹೇಳಿದ್ದು.

ಪುಸ್ತಕದ ಹುಳ

ಅಷ್ಟಕ್ಕೆಲ್ಲ ನೇಣು ಹಾಕೋದು ಬೇಡ. ಕತೆ ಅಂದ ಮೇಲೆ ಉಪ್ಪು ಹುಳಿ ಇರುತ್ತೆ. ಜಕಣಾಚಾರಿಯ ಕಪ್ಪೆಗೆ ನಗುವವರು ಈ ಕಾಯಿಗೆ ಯಾಕೆ ಮುಖ ಸಿಂಡರಿಸ್ತೀರಿ?

ಶಾಸನದ ಹುಚ್ಚ

ಕಪ್ಪೆ ಕತೆ ಹೇಳಿ ಯಾರೂ ಪ್ರಿಂಟ್ ಮಾರಿಲ್ಲ ಸ್ವಾಮಿ.

ಗೂಳೂರು ಕೆರೆ ಏರಿ

ಗೈಡುಗಳು ಮಾರ್ತಾರೆ!

ಅರಸೀಕೆರೆ ಲೋಕಲ್

ಬರೆಯೋದೋ ಬೇಡವೋ ಅಂತ ನಿನ್ನೆಯಿಂದ ಯೋಚಿಸ್ತಾ ಇದ್ದೆ. ಆ ಒಂಬತ್ತು ಪ್ರಿಂಟಿನಲ್ಲಿ ಒಂದು ನಮ್ಮನೇಲಿದೆ. ನಾವೀಗ ಬೆಂಗಳೂರಲ್ಲಿದ್ದೀವಿ, ತೋಟ ಮಾರಿ ಎಂಟು ವರ್ಷ ಆಯ್ತು. ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಡುಗೆಮನೆಗೆ ಹೋಗಿ ಅಂಗಡಿಯಿಂದ ತಂದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ನೀರಿತ್ತು, ಕುಲುಕಿತು. ಇಬ್ಬರೂ ನಕ್ಕೆವು, ಆಮೇಲೆ ಅಮ್ಮ ಅತ್ತರು. ಅವತ್ತೇ ಪ್ರಿಂಟ್ ತರಿಸಿದೆ. ಮನೆಗೆ ಬಂದವರಿಗೆಲ್ಲ ಅಮ್ಮ "ಆ ಹುಡುಗಿ ಅಜ್ಜಿ ಕಾಯಿ ಇನ್ನೂ ಇಟ್ಕೊಂಡಿದಾಳಂತೆ" ಅಂತ ಹೇಳ್ತಾರೆ. ಈಗ ನಾನು ಅಮ್ಮನಿಗೆ ಏನು ಹೇಳಲಿ?

ಬಣ್ಣದ ಡಬ್ಬಿ

ತಪ್ಪಾಯ್ತು ಅಕ್ಕಾ. ಬೇರೇನೂ ಹೇಳೋಕೆ ಬರ್ತಿಲ್ಲ. ದುಡ್ಡು ವಾಪಸ್ಸು ಹಾಕ್ತೀನಿ, ಪ್ರಿಂಟ್ ನಿಮ್ಮಲ್ಲೇ ಇರಲಿ.

ಅರಸೀಕೆರೆ ಲೋಕಲ್

ದುಡ್ಡು ಬೇಡ. ಮಿಠಾಯಿ ಕತೆ ನಿಮ್ಮ ಕೈಬರಹದಲ್ಲಿ ಒಂದು ಕಾಗದದ ಮೇಲೆ ಬರೆದು ಕಳಿಸಿ. ಫ್ರೇಮಿನ ಹಿಂದೆ ಅಂಟಿಸ್ತೀನಿ. ಮೂರು ತಿಂದೆ ಅನ್ನೋದನ್ನು ಬಿಡಬೇಡಿ. ಅಮ್ಮನಿಗೆ ಅದು ಹಿಡಿಸುತ್ತೆ, ಅವರೂ ಅಂಥವರೇ.

ಮಾರ್ಕೆಟಿಂಗ್ ಮಾಮ

ನೋಡಿ, ಇದೇ ಐಡಿಯಾ! ಪ್ರತಿ ಪ್ರಿಂಟ್ ಜೊತೆ ಕೈಬರಹದ ಚೀಟಿ. ಇನ್ನೂರು ರೂಪಾಯಿ ಜಾಸ್ತಿ ಇಡಬಹುದು.

ಅರಸೀಕೆರೆ ಲೋಕಲ್

ಮಾಮ, ಸ್ವಲ್ಪ ಸುಮ್ನಿರ್ತೀರಾ?

ಶಿಡ್ಲಘಟ್ಟ ಗೂಡು

ಎಲ್ಲರೂ ಕಾಯಿ ಹಿಂದೆ ಬಿದ್ದಿರಿ. ದೊಡ್ಡಮ್ಮನ ವಿಷಯ ಯಾರೂ ಎತ್ತಲಿಲ್ಲ. ನನಗೆ ಅದೇ ದೊಡ್ಡದು ಅನ್ನಿಸುತ್ತೆ.

ನಮ್ಮಮ್ಮ ರೇಷ್ಮೆ ನೂಲು ತೆಗೀತಿದ್ದರು. ಕುದಿಯೋ ನೀರಲ್ಲಿ ಗೂಡು ಬೆಂದಿರುತ್ತೆ, ಅದರೊಳಗೆ ಕೈ ಹಾಕಿ ಎಳೆಯ ತುದಿ ಹುಡುಕಬೇಕು. ಬೆರಳ ತುದಿ ಬಿಳಚಿ, ಚರ್ಮ ಸುಲಿದು, ಸಂಜೆ ಸಾರಿನ ಖಾರ ತಾಗಿದರೆ ಉರಿ. ಸತ್ತ ಹುಳದ ವಾಸನೆ ಸೀರೆಗೆ ಹಿಡಿದರೆ ಹೋಗೋದಿಲ್ಲ. ನಾನು ಶಾಲೆಯಲ್ಲಿ ಅಮ್ಮ ಬಂದರೆ ದೂರ ನಿಲ್ಲುತ್ತಿದ್ದೆ. ಒಂದು ಸಲ ಯಾರೋ ಕ್ಯಾಮೆರಾ ಹಿಡಿದು ಬಂದರು. ಅಮ್ಮನ ಕೈಯದ್ದೇ ಇಪ್ಪತ್ತು ಫೋಟೋ ತೆಗೆದರು. ನಾಲ್ಕು ವರ್ಷದ ಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಆ ಕೈ ನೋಡಿದೆ. ಗೋಡೆಯಷ್ಟು ದೊಡ್ಡದು. ಕೆಳಗೆ 'ಅನಾಮಿಕ ಶ್ರಮ' ಅಂತ ಬರೆದಿತ್ತು. ಅನಾಮಿಕ ಯಾಕೆ? ಹೆಸರು ಕೇಳಿದ್ದರೆ ಅಮ್ಮ ಹೇಳುತ್ತಿದ್ದರು. ಅಲ್ಲೇ ಕೂತಿದ್ದರಲ್ಲ.

ನಿಮ್ಮಣ್ಣನ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಒಂದು ಕೇಳ್ತೀನಿ. ಫೋನ್ ಮಾಡಿದ್ದು ಅಣ್ಣ. ದೊಡ್ಡಮ್ಮನನ್ನು ನೀವು ಕೇಳಿದ್ರಾ?

ಬಣ್ಣದ ಡಬ್ಬಿ

ಇಲ್ಲ.

ಮಾಲೂರು ಉಳಿ

ಕೇಳಿ ಅಕ್ಕಾ. ಚಿತ್ರ ತಗೊಂಡು ಹೋಗಿ ಕೇಳಿ, ಫೋನಲ್ಲಿ ಬೇಡ.

ಒಣ ಮಾತು

ಶಿಡ್ಲಘಟ್ಟದವರ ಮಾತು ಓದಿ ನನ್ನ ಮೊದಲ ಕಾಮೆಂಟಿನ ಜೋರು ಸ್ವಲ್ಪ ಇಳಿಯಿತು. ಆ ಗೋಡೆ ಮೇಲಿನ ಕೈಗೆ ಕತೆ ಇರಲಿಲ್ಲ, ಬರೀ ಚಿತ್ರ ಇತ್ತು. ನಾನು ಹೇಳಿದ ಹಾಗೇನೇ. ಆದರೂ ಅದು ಸರಿಯಿರಲಿಲ್ಲ.

ತೇರಹಳ್ಳಿ ಬೆಟ್ಟ

ಕೋಲಾರದಿಂದ. ನಮ್ಮ ಬೆಟ್ಟದ ಮೇಲೆ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಅಂತ ಮಾಡ್ತಾರೆ. ಬಯಲಲ್ಲಿ ಕೂತು ಹಾಡು, ನಾಟಕ, ಮಾತು. ಅಲ್ಲಿ ಎದುರಿಗೇ ಜನ ಕೂತಿರ್ತಾರಲ್ಲ, ಸುಳ್ಳು ಸೇರಿಸೋಕೆ ಕಷ್ಟ. ಹಿಂದೆ ಕೂತ ಅಜ್ಜ ಒಬ್ಬ "ಅದು ಹಂಗಲ್ಲ ಕಣಯ್ಯ" ಅಂದುಬಿಡ್ತಾನೆ. ಇಲ್ಲಿ ತಿಪಟೂರಿನವರು ಆ ಅಜ್ಜನ ಕೆಲಸ ಮಾಡಿದರು.

ತಿಪಟೂರು ಕಾಯಿ

ನನಗಿನ್ನೂ ನಲವತ್ತೊಂದು ಸ್ವಾಮಿ.

ಬಣ್ಣದ ಡಬ್ಬಿ

ನಾಲ್ಕು ದಿನ ಇತ್ತ ಬರೋಕೆ ಆಗಲಿಲ್ಲ. ಭಾನುವಾರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಣ್ಣ ನನ್ನನ್ನು ನೋಡಿ ಬೈಕ್ ತಗೊಂಡು ಹೊರಟುಹೋದ. ದೊಡ್ಡಮ್ಮನಿಗೆ ಚಿತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನನ್ನ ಕೈ ಇಷ್ಟು ಕಪ್ಪೇನೇ?" ಅಂದರು. ಆಮೇಲೆ ನಾನು ಬರೆದದ್ದನ್ನು ಓದಿ ಹೇಳಿದೆ. ಅರ್ಧಕ್ಕೆ ನಿಲ್ಲಿಸಿದರು. "ಗಂಡ ಬಿಟ್ಟೋದ ಅಂತ ಯಾಕೆ ಬರೆದೆ? ಅದು ಅವನ ಕತೆ. ನನ್ನ ಕತೆ ಬರಿ. ಆರಿಸೋದರಲ್ಲಿ ಮಂಡೀಲಿ ನನ್ನ ಕೈ ಮುಂದೆ ಯಾರೂ ಇರಲಿಲ್ಲ. ಕಣ್ಣುಮುಚ್ಚಿ ತೂಕದ ಮೇಲೇ ಹೇಳ್ತಿದ್ದೆ, ಒಳಗೆ ಬೂಷ್ಟು ಹಿಡಿದದ್ದು ಯಾವುದು ಅಂತ. ಅದನ್ನ ಬರಿ" ಅಂದರು. ನಾನು ಅದನ್ನು ಕೇಳಿಯೇ ಇರಲಿಲ್ಲ.

ಬರೆದು, ಓದಿ ಹೇಳಿ, ಅವರು ಹೂಂ ಅಂದ ಮೇಲೆ ಹಾಕಿದೆ. ಹೆಸರು ಹಾಕು ಅಂದರು, ಹಾಕಿದೆ. ನೂರಮೂವತ್ತು ಲೈಕು ಬಂದಿದೆ. ಪ್ರಿಂಟ್ ಒಂದೂ ಹೋಗಿಲ್ಲ. 'ಅಟ್ಟ'ದ ಕೆಳಗೂ ಮಿಠಾಯಿ ಸಂಗತಿ ಬರೆದು ತಿದ್ದಿದೆ. ಎಂಬತ್ತು ಜನ ಅನ್‌ಫಾಲೋ ಮಾಡಿದರು. ಅಣ್ಣನಿಂದ ಫೋನಿಲ್ಲ, ಆದರೆ ಅತ್ತಿಗೆ ಲೈಕ್ ಒತ್ತಿದಾರೆ.

ಶಿಡ್ಲಘಟ್ಟ ಗೂಡು

ಹೆಸರು ಹಾಕಿದಿರಲ್ಲ. ಒಂದು ಪ್ರಿಂಟ್ ನನಗೆ ಇಡಿ.

ಕ್ಯಾತ್ಸಂದ್ರ

ಮೊದಲಿನಿಂದ ಓದ್ತಾ ಬಂದೆ. ಒಂದು ಅನುಮಾನ. ಈ 'ಅಟ್ಟ' ಚಿತ್ರ ಎಲ್ಲಿದೆ? ಇಲ್ಲಿ ಯಾರಾದರೂ ನೋಡಿದ್ದೀರಾ?

ಶಿರಾ ಗೇಟ್ ಟ್ರಾಫಿಕ್

ನಾನು ನೋಡಿಲ್ಲ 😅

ಒಣ ಮಾತು

ನಾನೂ ನೋಡಿಲ್ಲ. ನಾಚಿಕೆ ಆಗ್ತಿದೆ.

ಬಣ್ಣದ ಡಬ್ಬಿ

ಅಯ್ಯೋ, ಹಾಕಿಯೇ ಇಲ್ವಲ್ಲ! ತಗೊಳ್ಳಿ.

[ಚಿತ್ರ: ಅಟ್ಟ, ಕಾಗದದ ಮೇಲೆ ಜಲವರ್ಣ]

ತಿಪಟೂರು ಕಾಯಿ

ಏಣಿ ಚೆನ್ನಾಗಿ ಬಂದಿದೆ. ದಬ್ಬೆ ನಡುವೆ ಬಿಸಿಲು ಇಳಿದದ್ದೂ ಹಾಗೇ ಇರುತ್ತೆ. ಆದರೆ ಹತ್ತು ತಿಂಗಳು ಒಣಗಿದ ಕಾಯಿಗೆ ಹಸಿರು ಛಾಯೆ ಎಲ್ಲಿಂದ ಬಂತು?

ಬಣ್ಣದ ಡಬ್ಬಿ

ಕಂದು ಬಣ್ಣದ ಟ್ಯೂಬು ಮುಗಿದಿತ್ತು ಸರ್. ಇದ್ದ ಹಸಿರಿಗೆ ಕೆಂಪು ಬೆರೆಸಿಕೊಂಡೆ, ಹಸಿರು ಸ್ವಲ್ಪ ಜಾಸ್ತಿ ಬಿತ್ತು.